ತೋಮನ ಎಂಟು ದಿನಗಳು

ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿಯನ್ನು ಕೈಯಲ್ಲಿ ಹಿಡಿಯದೆ ಯಾರೂ ಖರೀದಿಗೆ ಮನಸ್ಸು ಮಾಡುವುದಿಲ್ಲ. ಚೀಲದೊಳಗೆ ಕೈ ಹಾಕಿ ಒಂದು ಹಿಡಿ ತೆಗೆಯುತ್ತಾರೆ. ಬಣ್ಣ ನೋಡುತ್ತಾರೆ, ಮುರಿದು ಬೀಜ ನೋಡುತ್ತಾರೆ, ತೇವ ಇದೆಯೋ ಎಂದು ಹಿಸುಕುತ್ತಾರೆ. ಇದನ್ನು ಯಾವ ರೈತನೂ ಅವಮಾನವೆಂದು ತಿಳಿಯುವುದಿಲ್ಲ. ಈ ಊರಿನಲ್ಲಿ ಬೆಳೆದ ನನಗೆ, ಕಣ್ಣಾರೆ ಕಂಡು ಕೈಯಾರೆ ಮುಟ್ಟಿದ ಹೊರತು ನಂಬಲಾರೆ ಎಂದ ಯೇಸುವಿನ ಶಿಷ್ಯ ತೋಮನಿಗೆ ಬಂದ ಕೆಟ್ಟ ಹೆಸರು ಎಂದೂ ನ್ಯಾಯವೆನಿಸಲಿಲ್ಲ. ಇಂಗ್ಲಿಷಿನಲ್ಲಂತೂ ಸಂಶಯಪಡುವವನಿಗೆ ಅವನ ಹೆಸರನ್ನೇ ಇಟ್ಟುಬಿಟ್ಟಿದ್ದಾರೆ.

ಹಾವೇರಿಯಲ್ಲಿ ಓದುವಾಗ ಕ್ರೈಸ್ತ ಗೆಳೆಯನೊಬ್ಬ ಕೊಟ್ಟ ಕನ್ನಡ ಬೈಬಲಿನಲ್ಲಿ ನಾನು ಈ ಕಥೆ ಓದಿದೆ. ಯೋಹಾನನ ಸುವಾರ್ತೆಯ ಪ್ರಕಾರ, ಗುರುವಿನ ಮರಣದ ನಂತರ ಶಿಷ್ಯರು ಭಯದಿಂದ ಬಾಗಿಲು ಮುಚ್ಚಿಕೊಂಡು ಕುಳಿತಿದ್ದರು. ಯೇಸು ಅವರ ನಡುವೆ ಕಾಣಿಸಿಕೊಂಡು ತನ್ನ ಕೈಗಳನ್ನೂ ಪಕ್ಕೆಯನ್ನೂ ತೋರಿಸಿದ. ತೋಮ ಆಗ ಅಲ್ಲಿರಲಿಲ್ಲ. ಅವನು ಆಮೇಲೆ ಕೇಳಿದ್ದು ಉಳಿದವರಿಗೆ ಕೇಳದೆಯೇ ಸಿಕ್ಕಿದ್ದನ್ನು. ಇನ್ನು ಲೂಕನ ಸುವಾರ್ತೆಯಲ್ಲಿ, ಸಮಾಧಿಯಿಂದ ಬಂದ ಹೆಂಗಸರ ಮಾತನ್ನು ಶಿಷ್ಯರು ಬರೀ ಹರಟೆಯೆಂದು ತಳ್ಳಿಹಾಕಿದ್ದರು. ಹಾಗಿದ್ದರೆ ಸಂಶಯದ ಹಣೆಪಟ್ಟಿ ತೋಮನೊಬ್ಬನಿಗೇ ಏಕೆ?

ಇದೇ ತೋಮ ಹಿಂದೊಮ್ಮೆ, ಕಲ್ಲೆಸೆದು ಕೊಲ್ಲಲು ಕಾದಿದ್ದವರ ಪ್ರಾಂತಕ್ಕೆ ಗುರು ಹೊರಟಾಗ, ನಾವೂ ಹೋಗಿ ಅವನೊಂದಿಗೆ ಸಾಯೋಣ ಎಂದು ಜೊತೆಗಾರರನ್ನು ಹುರಿದುಂಬಿಸಿದವನು. ನಂಬಿಕೆಯಿಲ್ಲದವನು ಆಡುವ ಮಾತೇ ಅದು?

ಶಿಲುಬೆಯ ವಿಷಯದಲ್ಲೂ ಯೇಸುವಿನ ಸ್ಥಾನದ ವಿಷಯದಲ್ಲೂ ಮುಸ್ಲಿಮರ ನಂಬಿಕೆ ಬೇರೆ. ಆದರೂ ಪವಿತ್ರ ಕುರ್‌ಆನ್ ಓದುವವರಿಗೆ ತೋಮ ಅಪರಿಚಿತನೆನಿಸಲಾರ. ಮಾಇದಾ ಅಧ್ಯಾಯದಲ್ಲಿ ಈಸಾ(ಅ)ರ ಶಿಷ್ಯರು ಆಕಾಶದಿಂದ ಊಟದ ಹರಿವಾಣ ಇಳಿಯಲೆಂದು ಕೇಳುತ್ತಾರೆ. ಅಲ್ಲಾಹನನ್ನು ಭಯಪಡಿರಿ ಎಂದು ಈಸಾ(ಅ) ಎಚ್ಚರಿಸಿದಾಗ, ನಮ್ಮ ಹೃದಯಗಳಿಗೆ ನೆಮ್ಮದಿ ಬೇಕು ಎನ್ನುತ್ತಾರೆ. ಬಕರಾ ಅಧ್ಯಾಯದಲ್ಲಿ, ಸತ್ತವರನ್ನು ಹೇಗೆ ಬದುಕಿಸುವೆ, ತೋರಿಸು ಎಂದು ಕೇಳುವವರು ಪ್ರವಾದಿ ಇಬ್ರಾಹೀಮ್(ಅ). ನಿನಗೆ ನಂಬಿಕೆಯಿಲ್ಲವೇ ಎಂಬ ಪ್ರಶ್ನೆಗೆ ಅವರು, ನಂಬಿಕೆಯಿದೆ, ಹೃದಯದ ನೆಮ್ಮದಿಗಾಗಿ ಕೇಳಿದೆ ಎನ್ನುತ್ತಾರೆ. ಎರಡೂ ಕಡೆ ನೆಮ್ಮದಿಗೆ ಬಳಕೆಯಾದ ಅರಬಿ ಪದ ಒಂದೇ ಮೂಲದ್ದು. ಇಬ್ರಾಹೀಮ್(ಅ)ರಿಗೆ ಸಿಕ್ಕಿದ್ದು ಶಿಕ್ಷೆಯಲ್ಲ, ನಾಲ್ಕು ಹಕ್ಕಿಗಳ ದೃಷ್ಟಾಂತ.

ರಾಣೆಬೆನ್ನೂರಿನಲ್ಲಿರುವ ನನ್ನ ಅಕ್ಕನ ಮಗಳು ತನ್ನ ಪುಟ್ಟ ತಮ್ಮ ಜ್ವರದಿಂದ ತೀರಿಕೊಂಡಾಗ ಒಂದು ಪ್ರಶ್ನೆ ಕೇಳಿದಳು. ಅಲ್ಲಾಹ್ ಕರುಣಾಮಯಿಯಾದರೆ ಈ ಮಗುವನ್ನೇಕೆ ಕರೆದುಕೊಂಡ? "ಐಸೀ ಬಾತಾಂ ನಕ್ಕೊ ಕರ್, ಇಂಥ ಮಾತಾಡಿದರೆ ಈಮಾನ್ ಹೋಗುತ್ತದೆ" ಎಂದರು ಹಿರಿಯರು. ಹುಡುಗಿ ಸುಮ್ಮನಾದಳು. ಕೆಲವು ದಿನಗಳಲ್ಲಿ, ಮನೆಯವರೆಲ್ಲ ದುಆಕ್ಕೆ ಕುಳಿತರೆ ಅವಳು ಎದ್ದು ಒಳಗೆ ಹೋಗತೊಡಗಿದಳು. ಬಾಯಿ ಮುಚ್ಚಿಸಿದ್ದರಿಂದ ಉಳಿದ ಈಮಾನ್ ಯಾವುದು?

ಆಗ ನನಗೆ ನೆನಪಾದದ್ದು ಸುವಾರ್ತೆಯ ಒಂದು ಸಣ್ಣ ವಿವರ. ತೋಮ ನಂಬಲಾರೆನೆಂದು ಹೇಳಿ ಎಂಟು ದಿನಗಳಾದ ಮೇಲೂ ಅವನು ಅದೇ ಶಿಷ್ಯರ ಜೊತೆ, ಅದೇ ಬಾಗಿಲ ಒಳಗಿದ್ದ. ಅವರು ಅವನನ್ನು ಹೊರಹಾಕಲಿಲ್ಲ, ಅವನೂ ಬಿಟ್ಟುಹೋಗಲಿಲ್ಲ. ಯೇಸು ಮತ್ತೆ ಬಂದು, ಮುಟ್ಟಿ ನೋಡು ಎಂದು ಕರೆದ. ಕಾಣದೆ ನಂಬಿದವರು ಧನ್ಯರು ಎಂದದ್ದು ನಿಜ, ಆದರೆ ಅದು ಕೈ ಚಾಚಿದ ಮೇಲಿನ ಮಾತು. ತೋಮ ಮುಟ್ಟಿದನೆಂದು ಸುವಾರ್ತೆ ಹೇಳುವುದೂ ಇಲ್ಲ. ಕರೆದದ್ದೇ ಅವನಿಗೆ ಸಾಕಾಗಿರಬೇಕು.

ಮುಂದಿನ ಸಲ ರಾಣೆಬೆನ್ನೂರಿಗೆ ಹೋದಾಗ ಅಕ್ಕನ ಮಗಳ ಪಕ್ಕದಲ್ಲಿ ಕುಳಿತು ಇಬ್ರಾಹೀಮ್(ಅ)ರ ಆ ವಚನವನ್ನು ಓದಿದೆ. ಅವಳ ಪ್ರಶ್ನೆಗೆ ಅದು ಉತ್ತರವಲ್ಲ, ಉತ್ತರ ನನ್ನಲ್ಲೂ ಇರಲಿಲ್ಲ. "ಮಾಮು, ಹಾಗಾದರೆ ಕೇಳಬಹುದಾ?" ಎಂದಳು. ಕೇಳಬಹುದು ಎಂದೆ. ನಮ್ಮ ಎಷ್ಟು ಮನೆಗಳಲ್ಲಿ ಮಕ್ಕಳು ಇಷ್ಟು ಹೇಳುವವರಿಗಾಗಿ ಕಾದಿದ್ದಾರೋ!