ಒಂದು ಕೇಬಲ್ಲಿನ ಕಥೆ

ಹೈದರಾಬಾದಿಗೆ ಬಂದು ಇಪ್ಪತ್ತು ವರ್ಷ ದಾಟಿದರೂ ಕನ್ನಡ ಕಿವಿಗೆ ಬಿದ್ದರೆ ಕಾಲು ತಾನಾಗಿ ನಿಲ್ಲುತ್ತೆ. ಮೊನ್ನೆ ಆಟೋನಗರದಲ್ಲೂ ಹಾಗೇ ಆಯ್ತು. ಬೀದರ ಕಡೆಯ ಡ್ರೈವರ್ ಒಬ್ಬರು, ಹಳೇ ಟಾಟಾ ಲಾರಿ. ಸ್ಪೀಡೋಮೀಟರ್ ಕೆಟ್ಟು ಎರಡು ತಿಂಗಳಂತೆ. "ಕಿಲೋಮೀಟರ್ ಲೆಕ್ಕ ಇಲ್ಲ ನೋಡ್ರಿ ಸರ್, ಡೀಸೆಲ್ ನಾನೇ ಮಾರ್ಕೊಂಡೀನಿ ಅಂತಾರ ಮಾಲಕ್ರು" ಅಂದರು. ಮುಖ ಸಣ್ಣಗಾಗಿತ್ತು.

ಮಿಸ್ತ್ರಿ ದಖನಿಯಲ್ಲಿ ಕೇಳಿದ್ದು ಒಂದೇ ಪ್ರಶ್ನೆ: ಮುಳ್ಳು ಮಾತ್ರ ನಿಂತಿದೆಯೋ, ಅಂಕಿಗಳೂ ನಿಂತಿವೆಯೋ? ಮುಳ್ಳನ್ನು ಎಳೆಯುವುದು ತಿರುಗುವ ಅಯಸ್ಕಾಂತ, ಅಂಕಿಗಳನ್ನು ಓಡಿಸುವುದು ಹಲ್ಲಿನ ಚಕ್ರ. ಎರಡಕ್ಕೂ ಗೇರ್‌ಬಾಕ್ಸಿನಿಂದ ಬರುವ ಕೇಬಲ್ ಒಂದೇ. ಎರಡೂ ಒಟ್ಟಿಗೆ ನಿಂತರೆ ಮೊದಲ ಗುಮಾನಿ ಕೇಬಲ್ ಮೇಲೆ. ಎಳೆದರೆ ಅರ್ಧವೇ ಕೈಗೆ ಬಂತು! ಹೊಸದಕ್ಕೆ ತೆಳ್ಳಗೆ ಗ್ರೀಸ್ ಸವರಿ, ಎಲ್ಲೂ ತೀರಾ ಬಾಗದಂತೆ ಕೂರಿಸಿದರು.

ಅಂದ ಹಾಗೆ, ಅಯಸ್ಕಾಂತದ ಈ ಉಪಾಯಕ್ಕೆ ಜರ್ಮನಿಯ ಓಟೋ ಶುಲ್ಜೆ ಪೇಟೆಂಟ್ ಪಡೆದದ್ದು 1902ರಲ್ಲಿ.

ಮೀಟರೇನೋ ಓಡಿತು, ಆದರೆ ಹೋದ ಎರಡು ತಿಂಗಳ ಲೆಕ್ಕ ವಾಪಸ್ ಬರೋದಿಲ್ಲ. ನಿಮ್ಮಲ್ಲಿ ಯಾರಾದರೂ ಹಳೇ ಲಾರಿ ಇಟ್ಟುಕೊಂಡಿದ್ದರೆ, ಡ್ರೈವರನ್ನು ಅನುಮಾನಿಸುವ ಮೊದಲು ಒಮ್ಮೆ ಕೇಬಲ್ ಬಿಚ್ಚಿ ನೋಡಿ.