ಖಾಲಿ ಕೋಶದ ಪಕ್ಕದಲ್ಲಿ ಬರೆಯಬೇಕಾದ ಮಾತು

ಅರ್ಜಿ ನಮೂನೆಯೊಂದನ್ನು ಕೈಯಲ್ಲಿ ಹಿಡಿದು ಕಚೇರಿಯ ಜಗಲಿಯಲ್ಲಿ ನಿಲ್ಲದ ಕುಟುಂಬ ಕಾಸರಗೋಡಿನಲ್ಲಿ ಇರಲಾರದು. ಆ ನಮೂನೆ ಕನ್ನಡದಲ್ಲಿ ದೊರೆಯಬೇಕೆಂದು ಈ ನೆಲದ ಜನ ದಶಕಗಳಿಂದ ಕೇಳುತ್ತ ಬಂದಿದ್ದಾರೆ. ಆದರೆ ಭಾಷೆ ತಿಳಿದ ಮಾತ್ರಕ್ಕೆ ನಮೂನೆ ತುಂಬುವುದಿಲ್ಲ. ವಯಸ್ಸನ್ನು ಯಾವ ದಿನಾಂಕಕ್ಕೆ ಲೆಕ್ಕ ಹಾಕಬೇಕು, ಭೂಮಿಯ ವಿಸ್ತೀರ್ಣವನ್ನು ಸೆಂಟ್ಸಿನಲ್ಲಿ ಬರೆಯಬೇಕೋ ಹೆಕ್ಟೇರಿನಲ್ಲೋ ಎಂಬುದನ್ನು ಹಿಂಬದಿಯ ಸೂಚನೆ ಹೇಳಬೇಕು. ಸೂಚನೆಯಿಲ್ಲದ ನಮೂನೆಯನ್ನು ಪ್ರತಿಯೊಬ್ಬನೂ ತನಗೆ ತೋಚಿದಂತೆ ತುಂಬುತ್ತಾನೆ. ತುಂಬಿದ ಮೇಲೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ.

ಗಣಕಯಂತ್ರದಲ್ಲಿ ಟೆಂಪ್ಲೇಟು ಎಂದು ಕರೆಯುವುದೂ ಇಂಥದೇ ಒಂದು ನಮೂನೆಯನ್ನು. ವಿಕಿಪೀಡಿಯದ ಲೇಖನಗಳ ಬಲಬದಿಯಲ್ಲಿ ಊರಿನ ಜಿಲ್ಲೆ, ಜನಸಂಖ್ಯೆ, ಪಿನ್‌ಕೋಡ್ ಮೊದಲಾದವನ್ನು ತೋರಿಸುವ ಚೌಕವನ್ನು ಮಕ್ಕಳು ಕಂಡಿರುತ್ತಾರೆ. ಆ ಚೌಕವನ್ನು ಒಮ್ಮೆ ರೂಪಿಸಿಟ್ಟರೆ ಸಾವಿರ ಪುಟಗಳು ಅದನ್ನು ಬಳಸಬಹುದು. ವಿಕಿಪೀಡಿಯವನ್ನು ನಡೆಸುವ ಮೀಡಿಯಾವಿಕಿ ತಂತ್ರಾಂಶದಲ್ಲಿ ಟೆಂಪ್ಲೇಟುಗಳಿಗೆ ಪ್ರತ್ಯೇಕ ಸ್ಥಾನ ದೊರೆತದ್ದು 2004ರಲ್ಲಿ. ತಂತ್ರಾಂಶ ಮುಕ್ತವಾದುದರಿಂದ ಯಾರೂ ಅದನ್ನು ತಮ್ಮ ಗಣಕದಲ್ಲಿ ಸ್ಥಾಪಿಸಿಕೊಳ್ಳಬಹುದು. ಕೇರಳದ ಶಾಲೆಗಳ ಸ್ಕೂಲ್‌ವಿಕಿ 2009ರಲ್ಲಿ ಆರಂಭವಾದದ್ದೂ ಇದೇ ತಂತ್ರಾಂಶದ ಮೇಲೆ.

ಗಡಿಭಾಗದ ಕನ್ನಡ ಮಾಧ್ಯಮ ಪ್ರೌಢಶಾಲೆಯೊಂದರ ಅಧ್ಯಾಪಿಕೆ ಈ ತಂತ್ರಾಂಶವನ್ನು ಶಾಲೆಯ ಪ್ರಯೋಗಾಲಯದ ಗಣಕದಲ್ಲಿ ಸ್ಥಾಪಿಸಿದರು. ಲಿಟಲ್ ಕೈಟ್ಸ್ ಸಂಘದ ಮಕ್ಕಳಿಂದ ಊರಿನ ಸುರಂಗಗಳ ಕೋಶವೊಂದನ್ನು ಬರೆಯಿಸಬೇಕೆಂಬುದು ಅವರ ಇಚ್ಛೆ. ಮುರಕಲ್ಲಿನ ಗುಡ್ಡವನ್ನು ಅಡ್ಡವಾಗಿ ಕೊರೆದು, ಒಸರುವ ನೀರು ತಾನಾಗಿ ಹೊರಗೆ ಹರಿದು ಬರುವಂತೆ ಮಾಡಿದ ಈ ಸುರಂಗಗಳು ಕಾಸರಗೋಡು ಮತ್ತು ಅದಕ್ಕೆ ತಾಗಿದ ದಕ್ಷಿಣ ಕನ್ನಡದ ಅಡಿಕೆ ತೋಟಗಳನ್ನು ತಲೆಮಾರುಗಳ ಕಾಲ ಹಸುರಾಗಿಟ್ಟಿವೆ. ಕೊಳವೆಬಾವಿ ಬಂದ ಮೇಲೆ ಹಲವು ಸುರಂಗಗಳ ಬಾಯಿ ಕುಸಿದಿದೆ. ತೋಡಿದವರು ಮುದುಕರಾಗಿದ್ದಾರೆ. ಅವರಿರುವಾಗಲೇ ಕೇಳಿ ಬರೆದುಕೊಳ್ಳಬೇಕಾಗಿತ್ತು.

ಅಧ್ಯಾಪಿಕೆ ಬೇರೆಡೆಯಿಂದ ಒಂದು ಸಿದ್ಧ ಟೆಂಪ್ಲೇಟನ್ನು ತಂದು, ಅದರ ಕೋಶಗಳ ಹೆಸರುಗಳನ್ನು ಕನ್ನಡಕ್ಕೆ ಬದಲಿಸಿದರು: ಸ್ಥಳ, ವಾರ್ಡ್, ತೋಡಿದವರು, ತೋಡಿದ ವರ್ಷ, ಉದ್ದ, ನೀರು ಬತ್ತುವ ತಿಂಗಳು. ಟೆಂಪ್ಲೇಟು ಬಂತು, ಅದರೊಂದಿಗಿರಬೇಕಾದ ಬಳಕೆಯ ವಿವರಣೆ ಬರಲಿಲ್ಲ. ವಿವರಣೆ ಬೇರೊಂದು ಉಪಪುಟದಲ್ಲಿರುತ್ತದೆ, ಪ್ರತ್ಯೇಕವಾಗಿ ತರದಿದ್ದರೆ ಅಲ್ಲೇ ಉಳಿಯುತ್ತದೆ ಎಂಬುದನ್ನು ತಿಳಿಸಬೇಕಾದುದೂ ಆ ವಿವರಣೆಯೇ.

ಮುಂದಿನ ವಾರಗಳಲ್ಲಿ ಅವರು ಕಲಿತದ್ದೆಲ್ಲ ಎಡವಿ ಕಲಿತದ್ದು. ಟೆಂಪ್ಲೇಟಿನ ಒಳಗೆ ಕೋಶದ ಹೆಸರನ್ನು ಮೂರು ಮೂರು ಪುಷ್ಪಾವರಣಗಳ ನಡುವೆ ಬರೆಯುತ್ತಾರೆ. ಹೆಸರಿನ ಕೊನೆಯಲ್ಲಿ ಒಂದು ಲಂಬರೇಖೆ ಇಲ್ಲದಿದ್ದರೆ, ಮಾಹಿತಿ ತುಂಬದ ಪುಟಗಳಲ್ಲಿ ಖಾಲಿ ಜಾಗದ ಬದಲು ಆವರಣಗಳೇ ಅಚ್ಚಾಗುತ್ತವೆ. ಅದಾದರೂ ಕಣ್ಣಿಗೆ ಬೀಳುವ ತಪ್ಪು. ಅದಕ್ಕಿಂತ ಕಠಿನವಾದುದು ಕಾಣದ ತಪ್ಪು. ಪುಟದಲ್ಲಿ ‘ತೋಡಿದವರು’ ಎಂಬುದರ ಬದಲು ‘ತೋಡಿದವನು’ ಎಂದು ಬರೆದರೆ ತಂತ್ರಾಂಶ ಯಾವ ದೂರನ್ನೂ ಹೇಳುವುದಿಲ್ಲ. ಗುರುತಿಲ್ಲದ ಕೋಶವೆಂದು ಅದನ್ನು ಸುಮ್ಮನೆ ಕೈಬಿಡುತ್ತದೆ. ಮಗು ಬರೆದ ಹೆಸರು ಮೂಲದಲ್ಲಿ ಇರುತ್ತದೆ, ಓದುವ ಪುಟದಲ್ಲಿ ಇರುವುದಿಲ್ಲ.

ಕನ್ನಡಕ್ಕೇ ವಿಶಿಷ್ಟವೆನ್ನಬಹುದಾದ ತೊಡಕು ‘ವಾರ್ಡ್’ ಎಂಬ ಪುಟ್ಟ ಪದದಲ್ಲಿ ಅಡಗಿತ್ತು. ಅರ್ಧಾಕ್ಷರದಲ್ಲಿ ಮುಗಿಯುವ ಪದಗಳ ಕೊನೆಗೆ ಕೆಲವು ಕೀಲಿಮಣೆ ವಿನ್ಯಾಸಗಳೂ ಹಳೆಯ ಅಕ್ಷರಶೈಲಿಯಿಂದ ಯೂನಿಕೋಡಿಗೆ ಪರಿವರ್ತಿಸುವ ತಂತ್ರಾಂಶಗಳೂ ಅಗೋಚರವಾದ ಒಂದು ಸಂಕೇತವನ್ನು ಸೇರಿಸುತ್ತವೆ. ಮುಂದಿನ ಅಕ್ಷರದೊಂದಿಗೆ ಒತ್ತಕ್ಷರವಾಗದಂತೆ ತಡೆಯುವುದು ಅದರ ಕೆಲಸ. ಪದ ಮುಗಿದ ಮೇಲೆ ಅದಕ್ಕೆ ಕೆಲಸವಿಲ್ಲ, ಆದರೂ ಅದು ಅಲ್ಲಿರುತ್ತದೆ. ಕಣ್ಣಿಗೆ ಎರಡೂ ‘ವಾರ್ಡ್’ ಒಂದೇ. ಗಣಕಕ್ಕೆ ಬೇರೆ ಬೇರೆ. ಒಂದು ಗಣಕದಲ್ಲಿ ಟೈಪಿಸಿದ ಪುಟಗಳಲ್ಲಿ ವಾರ್ಡ್ ಸಂಖ್ಯೆ ಬರುತ್ತದೆ, ಪಕ್ಕದ ಗಣಕದಲ್ಲಿ ಟೈಪಿಸಿದ ಪುಟಗಳಲ್ಲಿ ಬರುವುದಿಲ್ಲ. ಕಾರಣ ತಿಳಿಯಲು ಎರಡು ಶನಿವಾರಗಳು ಹೋದವು. ಕೋಶದ ಹೆಸರನ್ನು ಸ್ವರದಲ್ಲಿ ಮುಗಿಯುವಂತೆ, ‘ವಾರ್ಡು’ ಎಂದು, ಬದಲಿಸಿದಾಗ ತೊಡಕು ತೀರಿತು. ಕನ್ನಡದಲ್ಲಿ ಟೆಂಪ್ಲೇಟು ರೂಪಿಸುವವರಿಗೆ ಇಷ್ಟು ಸರಳವಾದ ಸೂಚನೆಯನ್ನು ಯಾವ ಇಂಗ್ಲಿಷ್ ಕೈಪಿಡಿಯೂ ಕೊಡಲಾರದು, ಏಕೆಂದರೆ ಇಂಗ್ಲಿಷಿಗೆ ಈ ಕಷ್ಟವೇ ಇಲ್ಲ.

ಇವೆಲ್ಲ ತಿದ್ದಬಹುದಾದ ತಪ್ಪುಗಳು. ‘ಉದ್ದ’ ಎಂಬ ಕೋಶದ ವಿಷಯ ಹಾಗಲ್ಲ.

ತಂದ ಟೆಂಪ್ಲೇಟು ಸಂಖ್ಯೆಯ ಮುಂದೆ ‘ಮೀಟರ್’ ಎಂಬ ಪದವನ್ನು ತಾನೇ ಸೇರಿಸುತ್ತಿತ್ತು. ಸುರಂಗವನ್ನೂ ಬಾವಿಯನ್ನೂ ಈ ಸೀಮೆಯ ಹಿರಿಯರು ಅಳೆಯುವುದು ಕೋಲಿನಲ್ಲಿ. ಒಂದು ಕೋಲೆಂದರೆ ಸುಮಾರು ಎರಡೂವರೆ ಅಡಿ. ಮಕ್ಕಳು ಅಜ್ಜಂದಿರನ್ನು ಕೇಳಿದರು, ಹೇಳಿದ ಸಂಖ್ಯೆಯನ್ನು ಕೋಶದಲ್ಲಿ ತುಂಬಿದರು. ಕೆಲವರು ಕೋಲಿನಲ್ಲಿ, ಕೆಲವರು ಅಡಿಯಲ್ಲಿ; ಒಂದಿಬ್ಬರು ತಾವೇ ಮೀಟರಿಗೆ ಪರಿವರ್ತಿಸಿ. ಪುಟದಲ್ಲಿ ಮಾತ್ರ ಎಲ್ಲವೂ ಮೀಟರೇ ಆಯಿತು. ಪೋಷಕರ ಸಭೆಯ ದಿನ ಪರದೆಯ ಮೇಲೆ ತೋರಿಸಿದ ಪುಟವನ್ನು ಕಂಡು ಒಬ್ಬ ತಂದೆ ಎದ್ದು ನಿಂತರು: “ಇದು ನನ್ನ ಅಪ್ಪ ತೋಡಿದ ಸುರಂಗ ಟೀಚರ್. ಇಷ್ಟು ಉದ್ದ ಇಲ್ಲ ಅದು.”

ಮರುದಿನ ಪ್ರತಿಯೊಂದು ಮಗುವನ್ನೂ ಕರೆದು ಕೇಳಲಾಯಿತು. ಹೆಚ್ಚಿನವು ಸರಿಹೋದವು. ಒಂದು ಪುಟದಲ್ಲಿ 42 ಎಂದಿತ್ತು. ಕೋಲಾದರೆ 105 ಅಡಿ. ಅಡಿಯೇ ಆದರೆ ಅದರ ಅರ್ಧಕ್ಕಿಂತಲೂ ಕಡಿಮೆ. ಬರೆದ ಹುಡುಗನ ಉತ್ತರ ಇಷ್ಟೇ: “ಅಜ್ಜ ಹೇಳಿದ್ದನ್ನೇ ಬರೆದೆ ಟೀಚರ್.” ಅಜ್ಜ ಮಳೆಗಾಲದಲ್ಲಿ ತೀರಿಕೊಂಡಿದ್ದರು. ಸುರಂಗದ ಬಾಯಿಯೂ ಕುಸಿದಿತ್ತು. ವಿಕಿಯ ಇತಿಹಾಸ ಪುಟವು ಯಾರು, ಯಾವ ದಿನ, ಎಷ್ಟು ಗಂಟೆಗೆ ಆ ಸಂಖ್ಯೆಯನ್ನು ಬರೆದರೆಂಬುದನ್ನು ನಿಮಿಷ ತಪ್ಪದೆ ಹೇಳುತ್ತದೆ. ಅದು ಯಾವ ಅಳತೆ ಎಂಬುದನ್ನು ಹೇಳುವುದಿಲ್ಲ. ಹುಡುಗನದು ಇಲ್ಲಿ ತಪ್ಪೇನೂ ಇಲ್ಲ. ಕೋಶ ಕೇಳಿದ್ದಕ್ಕೆ ಅವನು ಉತ್ತರಿಸಿದ್ದಾನೆ.

ಯಕ್ಷಗಾನದ ಪ್ರಸಂಗ ಪುಸ್ತಕವನ್ನು ತೆರೆದು ನೋಡಿದವರಿಗೆ ಇದು ಬೇಗ ಅರ್ಥವಾದೀತು. ಕುಂಬಳೆಯ ಪಾರ್ತಿಸುಬ್ಬನ ರಾಮಾಯಣ ಪ್ರಸಂಗಗಳನ್ನು ಆಡದ ಮೇಳವಿಲ್ಲ. ಪುಸ್ತಕದಲ್ಲಿ ಇರುವುದು ಪದ್ಯಗಳು. ಅರ್ಥವನ್ನು ವೇಷಧಾರಿಯೇ ತುಂಬಬೇಕು. ಅಂದರೆ ಪ್ರಸಂಗವೂ ಒಂದು ಬಗೆಯ ಟೆಂಪ್ಲೇಟೇ. ಆದರೆ ಪ್ರತಿ ಪದ್ಯದ ತಲೆಯ ಮೇಲೆ ರಾಗ ಮತ್ತು ತಾಳಗಳ ಹೆಸರು ಅಚ್ಚಾಗಿರುತ್ತದೆ. ಆ ಒಂದು ಸಾಲನ್ನು ತೆಗೆದುಬಿಟ್ಟರೆ, ಪರಂಪರೆಯನ್ನು ಕಿವಿಯಿಂದ ಕಲಿತ ಭಾಗವತರಿಗೆ ತೊಂದರೆಯಾಗದು. ಹೊಸಬನಿಗೆ ಅದು ಬರಿಯ ಪದ್ಯ. ತಂತ್ರಾಂಶದ ವಿವರಣೆಗಳ ದೌರ್ಬಲ್ಯವೂ ಇದೇ. ಬಲ್ಲವರು ಬರೆಯುತ್ತಾರೆ, ಆದುದರಿಂದ ಬಲ್ಲವರಿಗೆ ಸಾಕಾಗುವಷ್ಟನ್ನೇ ಬರೆಯುತ್ತಾರೆ. ಕೋಶಗಳ ಪಟ್ಟಿ ಕೊಡುತ್ತಾರೆ. ಒಳಗೆ ಏನು ಹಾಕಬೇಕು, ಹೆಸರನ್ನು ಬದಲಿಸಿದರೆ ಏನಾಗುತ್ತದೆ, ಯಾವುದನ್ನು ಮುಟ್ಟಬಾರದು ಎಂಬುದನ್ನು ಹೇಳುವುದಿಲ್ಲ.

ಉಪಾಯಗಳು ಇಲ್ಲದಿಲ್ಲ. ಪ್ರತಿ ಕೋಶದ ಹೆಸರು, ವಿವರ, ಉದಾಹರಣೆ, ಕಡ್ಡಾಯವೋ ಐಚ್ಛಿಕವೋ ಎಂಬುದನ್ನು ದಾಖಲಿಸುವ ‘ಟೆಂಪ್ಲೇಟ್‌ಡೇಟಾ’ ಎಂಬ ವ್ಯವಸ್ಥೆ 2013ರಲ್ಲಿ ಬಂದಿದೆ. ತುಂಬುವವನ ಕಣ್ಣೆದುರಿಗೇ ಅದು ಆ ವಿವರವನ್ನು ತೋರಿಸಬಲ್ಲದು. ಒಂದೇ ಕೋಶದ ವಿವರವನ್ನು ಹಲವು ಭಾಷೆಗಳಲ್ಲಿ ಬರೆದಿಡಲೂ ಅದರಲ್ಲಿ ಅವಕಾಶವಿದೆ. ಕನ್ನಡದ ಸಾಲನ್ನು ಯಾರಾದರೂ ಬರೆಯಬೇಕು, ಅಷ್ಟೆ. ಕನ್ನಡ ವಿಕಿಪೀಡಿಯ 2003ರಿಂದ ಇದೆ. ಅದರ ಟೆಂಪ್ಲೇಟುಗಳಲ್ಲಿ ಅನೇಕವು ಇಂಗ್ಲಿಷಿನಿಂದ ಬಂದವು, ವಿವರಣೆಯೂ ಇಂಗ್ಲಿಷಿನಲ್ಲೇ. ಲೇಖನವನ್ನು ಕನ್ನಡದಲ್ಲಿ ಬರೆಯಬಲ್ಲ ಹತ್ತನೆಯ ತರಗತಿಯ ಹುಡುಗಿ ಚೌಕವನ್ನು ತಿದ್ದಲು ಹೋದಾಗ ಅಲ್ಲಿ ಕನ್ನಡ ಮುಗಿದಿರುತ್ತದೆ.

ಅಧ್ಯಾಪಿಕೆ ವಿವರಣೆ ಬರೆಯುವ ಕೆಲಸವನ್ನು ತಾವು ಇಟ್ಟುಕೊಳ್ಳಲಿಲ್ಲ. ಎಡವಿದವರೇ ಬರೆಯಲಿ ಎಂದರು. ‘ವಾರ್ಡು’ ಕೋಶದ ವಿವರವನ್ನು ಸಂಖ್ಯೆ ಕಾಣದೆ ಎರಡು ಶನಿವಾರ ಕಣ್ಣೀರಿಟ್ಟ ಎಂಟನೆಯ ತರಗತಿಯ ಹುಡುಗಿ ಬರೆದಳು. ಮೊದಲ ಪ್ರಯತ್ನದಲ್ಲಿ ಅವಳ ಸೂಚನೆಗಳು ಸುರಂಗದ ಎಲ್ಲ ಪುಟಗಳಲ್ಲೂ ಮೂಡಿಬಂದವು; ಟೆಂಪ್ಲೇಟಿಗೆ ಮಾತ್ರ ಸೇರಿದ ಮಾತನ್ನು ಪ್ರತ್ಯೇಕ ಗುರುತುಗಳ ನಡುವೆ ಇಡಬೇಕೆಂಬುದನ್ನು ಆಗ ತಿಳಿದು, ಅದನ್ನೂ ವಿವರಣೆಯಲ್ಲಿ ಸೇರಿಸಿದಳು. ಉದ್ದದ ಕೋಶ ಈಗ ಎರಡಾಗಿದೆ: ಸಂಖ್ಯೆಗೊಂದು, ಅಳತೆಗೊಂದು. ಅಳತೆ ತುಂಬದಿದ್ದರೆ ಪುಟದಲ್ಲಿ ಕೆಂಪು ಅಕ್ಷರಗಳಲ್ಲಿ ‘ಅಳತೆ ಕೇಳಿ ಬರೆಯಿರಿ’ ಎಂದು ಕಾಣುತ್ತದೆ. ಅದರ ವಿವರಣೆಯನ್ನು 42ರ ಹುಡುಗ ಬರೆದಿದ್ದಾನೆ: “ಅಜ್ಜ ಎಷ್ಟು ಎಂದರೋ ಅಷ್ಟನ್ನೇ ಬರೆಯಿರಿ, ಪರಿವರ್ತಿಸಬೇಡಿ. ಕೋಲೋ ಅಡಿಯೋ ಎಂದು ಆಗಲೇ ಕೇಳಿ.” ಅವನ ಪುಟದಲ್ಲಿ ಸಂಖ್ಯೆ ಹಾಗೆಯೇ ಇದೆ, ಮುಂದಿನ ಕೆಂಪು ಅಕ್ಷರಗಳೂ ಇವೆ. ತೋಡುವಾಗ ಅಜ್ಜನ ಜೊತೆ ಮಣ್ಣು ಹೊತ್ತವರೊಬ್ಬರು ಬದಿಯಡ್ಕದ ಕಡೆ ಮಗಳ ಮನೆಯಲ್ಲಿದ್ದಾರೆಂದು ಯಾರೋ ಹೇಳಿದ್ದಾರೆ.