ಗದ್ದುಗೆ ಬೇಡವೆಂದ ಗುರುಗಳು

ಬಹುಕಾಲದ ಬಳಿಕ ವಿಜಯಪುರದ ಗಾಂಧಿ ಚೌಕದಲ್ಲಿ ಇಳಿದೆವು. ನಾವು ಬಿಟ್ಟುಹೋದಾಗ ಈ ಊರು ಬಿಜಾಪುರ. 2014ರಲ್ಲಿ ಹೆಸರು ಬದಲಾಯಿತು. ಸಿದ್ಧೇಶ್ವರ ಗುಡಿಯಲ್ಲಿ ಕೈಮುಗಿದು ಜ್ಞಾನಯೋಗಾಶ್ರಮಕ್ಕೆ ಹೋದೆವು.

“ಅಪ್ಪಾವರ ಗದ್ದುಗೆ ಎಲ್ಲಿ?” ಎಂದು ದೂರದಲ್ಲಿ ಬೆಳೆದ ನಮ್ಮ ಮಕ್ಕಳು ಕೇಳಿದರು.

ಬಿಜ್ಜರಗಿಯಲ್ಲಿ ಜನಿಸಿದ ಶ್ರೀ ಸಿದ್ಧೇಶ್ವರ ಸ್ವಾಮಿಗಳು 2023ರ ಜನವರಿ 2ರಂದು ಲಿಂಗೈಕ್ಯರಾದರು. ಸಮಾಧಿ ಮಾಡುವುದು ನಮ್ಮವರ ರೂಢಿ. ಆದರೆ ದೇಹವನ್ನು ಅಗ್ನಿಗೆ ಅರ್ಪಿಸಿ, ಚಿತಾಭಸ್ಮವನ್ನು ನದಿ-ಸಾಗರಗಳಲ್ಲಿ ವಿಸರ್ಜಿಸಬೇಕು, ಸ್ಮಾರಕ ಕಟ್ಟಬಾರದು ಎಂದು ಅವರು 2014ರಲ್ಲಿಯೇ ಬರೆದಿಟ್ಟಿದ್ದರು.

ಅರಸನ ಗೋರಿಯಾದ ಗೋಲಗುಮ್ಮಟದಿಂದ ಲೋಕಪ್ರಸಿದ್ಧವಾದ ಊರಿದು. ಇದೇ ಊರಿನಲ್ಲಿ ಕಿಸೆಯಿಲ್ಲದ ಅಂಗಿ ತೊಟ್ಟು ಬಾಳಿದ ಸಂತರು ತಮಗಾಗಿ ಒಂದು ಕಲ್ಲನ್ನೂ ಬಯಸಲಿಲ್ಲ. ಅವರ ಪ್ರವಚನ ಕೇಳಿದವರ ನಡೆಯಲ್ಲಿಯೇ ಅವರನ್ನು ಕಾಣಬೇಕು.